ಲೇಬಲ್ಲಿನ ಕೆಳಗಿನ ಸಾಲು

ನಮ್ಮ ಹುಬ್ಬಳ್ಳಿ ಕಡೆ ಸಣ್ಣ ವ್ಯಾಪಾರ ಮಾಡುವ ಹಳಬರು ‘ಲೋಗೋ’ ಎನ್ನುವುದಿಲ್ಲ, ‘ಮಾರ್ಕಾ’ ಎನ್ನುತ್ತಾರೆ. ನವಿಲು ಮಾರ್ಕಾ, ಒಂಟೆ ಮಾರ್ಕಾ, ಗಡಿಯಾರ ಮಾರ್ಕಾ. ಬೀಡಿ, ಬೆಂಕಿಪೊಟ್ಟಣ, ಊದಿನಕಡ್ಡಿ, ಚಹಾಪುಡಿ ಎಲ್ಲಕ್ಕೂ ಒಂದೊಂದು ಮಾರ್ಕಾ ಇರುತ್ತಿತ್ತು. ಅಂಗಡಿಗೆ ಹೋದ ಹುಡುಗ ಹೆಸರು ಮರೆತರೂ ಚಿತ್ರ ಮರೆಯುತ್ತಿರಲಿಲ್ಲ. ಓದು ಬಾರದ ನಾಡಿನಲ್ಲಿ ಚಿತ್ರವೇ ಹೆಸರು. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತಪೆಟ್ಟಿಗೆಗಳ ಮೇಲೆ ಚಿಹ್ನೆ ಅಂಟಿಸಿದ್ದೂ ಇದೇ ಕಾರಣಕ್ಕೆ. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ 1954ರಲ್ಲಿ ಏಷಿಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಗಟ್ಟು ಎಂಬ ತುಂಟ ಹುಡುಗ, ಕೈಯಲ್ಲಿ ಬ್ರಶ್ಶು ಡಬ್ಬಿ ಹಿಡಿದು ಎಷ್ಟೋ ವರ್ಷ ಊರೂರಿನ ಬಣ್ಣದಂಗಡಿಗಳ ಮೇಲೆ ನಿಂತಿದ್ದ. ಕಂಪನಿಯ ಹೆಸರು ಓದಲಾರದವರಿಗೂ ಅವನ ಗುರುತಿತ್ತು.

ಲೋಗೋ ಎನ್ನುವುದಕ್ಕಿಂತ ಮಾರ್ಕಾ ಎನ್ನುವುದೇ ನನಗೆ ಹೆಚ್ಚು ಇಷ್ಟ. ದನಕ್ಕೆ ಬರೆ ಹಾಕಿದ ಹಾಗೆ, ತಂಬಿಗೆಯ ಕುತ್ತಿಗೆಯ ಮೇಲೆ ಮನೆಯವರ ಹೆಸರು ಕೊರೆಸಿದ ಹಾಗೆ, ಅದು ‘ಇದು ಇಂಥವರದು’ ಎಂದು ಹೇಳುವ ಗುರುತು. ಚಂದ ಆಮೇಲಿನ ಮಾತು.

ನನ್ನದು ಎರಡು ಕಂಪ್ಯೂಟರಿನ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸು, ಶ್ರದ್ಧಾಂಜಲಿಯ ಪತ್ರಿಕೆ, ನಡುನಡುವೆ ಲೋಗೋ. ಲೋಗೋ ಬೇಕೆಂದು ಬರುವವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದುಕೊಂಡೇ ಬರುತ್ತಾರೆ. ಖಾನಾವಳಿಯವರಾದರೆ ಉದ್ದ ಟೋಪಿ ಹಾಕಿ ಮೀಸೆ ತಿರುವಿದ ಅಡುಗೆಭಟ್ಟ, ಜಿಮ್ಮಿನವರಾದರೆ ತೋಳು ಉಬ್ಬಿಸಿದ ಸಿಂಹ, ರಿಯಲ್ ಎಸ್ಟೇಟಿನವರಾದರೆ ಎರಡು ಗೆರೆಯ ಮನೆ. ‘ಇದರಂಗನ ಮಾಡ್ರಿ, ಹೆಸರ ಅಷ್ಟ ಬದಲಿ’ ಎನ್ನುತ್ತಾರೆ. ‘ಇದು ಬೇರೆಯವರದಲ್ರಿ’ ಎಂದರೆ, ‘ಗೂಗಲ್‌ನ್ಯಾಗ ಸಿಕ್ಕೈತಿ ಬಿಡ್ರಿ’ ಎಂಬ ಉತ್ತರ. ಐನೂರು ರೂಪಾಯಿಗೆ ಮುಗಿಯಬೇಕು, ಸಂಜೆಯೊಳಗೆ ಕೈಗೆ ಬರಬೇಕು.

ಅವರನ್ನು ದೂರುವುದಿಲ್ಲ. ಎಣ್ಣೆ, ಸಿಲಿಂಡರು, ಬಾಡಿಗೆ ಎಂದು ದಿನದ ಲೆಕ್ಕದಲ್ಲಿ ಬದುಕುವವರಿಗೆ ಚಿತ್ರಕ್ಕೆ ದುಡ್ಡು ಕೊಡುವುದು ಮದುವೆಯಲ್ಲಿ ಬಾಜಾಬಜಂತ್ರಿಗೆ ಕೊಟ್ಟಂತೆ. ಆದ್ದರಿಂದ ನಾನು ಬಣ್ಣ, ಅಕ್ಷರದ ಮಾತು ಎತ್ತುವುದಕ್ಕೆ ಮೊದಲು ಎರಡೇ ಪ್ರಶ್ನೆ ಕೇಳುತ್ತೇನೆ. ಈಗ ಗಿರಾಕಿಗಳು ನಿಮ್ಮ ಮಾಲನ್ನು ಏನೆಂದು ಕೇಳಿ ತೆಗೆದುಕೊಳ್ಳುತ್ತಾರೆ? ಇದು ಯಾರ ಹೆಸರಿನಲ್ಲಿದೆ? ಮೊದಲನೆಯದರ ಉತ್ತರದಲ್ಲಿ ಅರ್ಧ ಲೋಗೋ ಇರುತ್ತದೆ. ಎರಡನೆಯದಕ್ಕೆ ಬಹಳ ಜನ ತಕ್ಷಣ ಉತ್ತರ ಕೊಡುವುದಿಲ್ಲ.

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಐವತ್ತರ ಆಸುಪಾಸಿನ ಒಬ್ಬ ಅಕ್ಕ ಮಗನನ್ನು ಕರೆದುಕೊಂಡು ಬಂದರು. ಜೋಳದ ರೊಟ್ಟಿ ಮಾಡಿ ಮಾರುವವರು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಆಗ ಎರಡು ಮನೆಗೆ ರೊಟ್ಟಿ ಬಡಿದುಕೊಡುವುದರಿಂದ ಶುರುವಾದದ್ದು, ಈಗ ಅವರ ಜೊತೆ ಆರು ಹೆಣ್ಣುಮಕ್ಕಳು ಕುಳಿತು ಬಡಿಯುತ್ತಾರೆ. ಮಾಲದಂಡಿ ಬಿಳಿಜೋಳದ ಕಟಕ್ ರೊಟ್ಟಿ, ಹತ್ತರ ಪಾಕೀಟು. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಇಷ್ಟು ದಿನ ಬರಿ ಪಾಕೀಟಿನಲ್ಲಿ ಹೋಗುತ್ತಿತ್ತು. ಬೆಂಗಳೂರಿನ ಒಂದು ಅಂಗಡಿಯವರು ‘ಲೇಬಲ್ ಇಲ್ಲದ ಮಾಲು ಇಡುವುದಿಲ್ಲ’ ಎಂದಿದ್ದರಿಂದ ನನ್ನಲ್ಲಿಗೆ ಬಂದಿದ್ದರು.

‘ನಮ್ಮ ರೊಟ್ಟಿಗೆ ಒಂದು ಮಾರ್ಕಾ ಬೇಕಾಗೈತಿ ತಮ್ಮಾ’ ಎಂದರು.

ಮಗನ ಬಳಿ ಹೆಸರು ಸಿದ್ಧವಿತ್ತು. ಇಂಗ್ಲಿಷಿನಲ್ಲಿ, ‘ರೋಟಿ ಕಿಂಗ್’. ಮೀಸೆಯ ಅಡುಗೆಭಟ್ಟನೂ ಮೊಬೈಲಿನಲ್ಲಿದ್ದ. ‘ಅವ್ವನ ರೊಟ್ಟಿಗೆ ಮೀಸಿ ಯಾಕೋ?’ ಎಂದು ಕೇಳಿದೆ. ಹುಡುಗ ನಾಚಿದ, ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ನನ್ನ ಮೊದಲ ಪ್ರಶ್ನೆ ಕೇಳಿದೆ. ‘ಜನ ಏನಂತ ಕೇಳ್ತಾರ?’

‘ಬೇವಿನಗಿಡದ ಮನಿ ರೊಟ್ಟಿ ಅಂತಾರ. ಮನಿ ಮುಂದ ದೊಡ್ಡದೊಂದು ಬೇವಿನ ಗಿಡ ಐತಿ.’

ನನಗದು ಹಿಡಿಸಿತು. ಆದರೆ ಆ ಮಾತು ಹೇಳುತ್ತಿದ್ದಂತೆ ಅಕ್ಕನ ದನಿ ಸಣ್ಣದಾಯಿತು. ಮನೆ ಮಾವನವರ ಹೆಸರಿನಲ್ಲಿದೆ, ಪಾಲು ಆಗಿಲ್ಲ, ಗಿಡವೂ ಪಾಲಿನೊಳಗೇ ಬರುತ್ತದೆ. ನಾಳೆ ಆ ಮನೆ ಬಿಟ್ಟು ಏಳಬೇಕಾದರೆ ಹೆಸರು ಗಿಡದ ಜೊತೆ ಅಲ್ಲೇ ಉಳಿಯುತ್ತದೆ. ಮೈದುನರು ಆಗಲೇ ಒಂದು ಹೆಸರು ಹೇಳಿ ಕಳಿಸಿದ್ದರು. ಮನೆದೇವರ ಹೆಸರು, ಕೆಳಗೆ ಮಾವನವರ ಹೆಸರು, ಪಕ್ಕದಲ್ಲಿ ‘ಆ್ಯಂಡ್ ಸನ್ಸ್’.

ದೇವರ ಹೆಸರಿಗೆ ನನ್ನ ತಕರಾರಿಲ್ಲ. ಆದರೆ ಅದೇ ದೇವರ ಹೆಸರಿನ ಹಿಟ್ಟಿನ ಗಿರಣಿ, ಬಟ್ಟೆ ಅಂಗಡಿ, ಗ್ಯಾರೇಜು, ಖಾನಾವಳಿ ಒಂದೇ ರಸ್ತೆಯಲ್ಲಿ ನಾಲ್ಕು ಸಿಗುತ್ತವೆ. ಗುರುತು ಎಂದರೆ ಗುಂಪಿನಲ್ಲಿ ಒಬ್ಬರನ್ನು ತೋರಿಸುವಂಥದ್ದು. ಎಲ್ಲರಿಗೂ ಹೊಂದುವುದು ಯಾರನ್ನೂ ತೋರಿಸುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಬರೀ ಮಾಲಿನ ಗುಣ ಹೇಳುವ ‘ರುಚಿಯಾದ ರೊಟ್ಟಿ’, ‘ಶುದ್ಧ ರೊಟ್ಟಿ’ಯಂಥ ಮಾತುಗಳ ಮೇಲೆ ಒಬ್ಬರೇ ಹಕ್ಕು ಕೇಳುವುದು ಕಷ್ಟ. ಎಲ್ಲರ ರೊಟ್ಟಿಯೂ ಶುದ್ಧವೇ ಅಲ್ಲವೇ.

ಹೆಸರು ನಿರ್ಧಾರವಾಗುವ ಮುನ್ನ ಲೇಬಲ್ಲಿನ ಉಳಿದ ವಿವರ ಹೊಂದಿಸೋಣವೆಂದು ಕುಳಿತೆ. ತಿನ್ನುವ ಪದಾರ್ಥದ ಪಾಕೀಟಿನ ಮೇಲೆ ಚಿತ್ರಕ್ಕಿಂತ ಈ ವಿವರಗಳೇ ಜಾಗ ತಿನ್ನುತ್ತವೆ. ಏನೇನು ಹಾಕಿದೆ, ತೂಕ ಎಷ್ಟು, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬೆಲೆ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಎಲ್ಲಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ, ‘ತಯಾರಕರು’ ಎಂದು ಒಂದು ಸಾಲು. ಸಂಖ್ಯೆ ಹೊಡೆಯಬೇಕು, ಸರ್ಟಿಫಿಕೇಟು ಕೊಡಿ ಎಂದೆ. ಅಕ್ಕ ಚೀಲದಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಒಂದು ಹಾಳೆ ತೆಗೆದರು.

ಅದರಲ್ಲಿ ಅವರ ಹೆಸರಿರಲಿಲ್ಲ. ಮೈದುನರ ಹೆಸರಿತ್ತು.

‘ಅಕ್ಕಾರ, ಇದು ನಿಮ್ಮ ಹೆಸರಲ್ಲಲ್ರಿ.’

‘ಆಫೀಸಿನ ಕೆಲಸ ಹೆಣ್ಮಕ್ಕಳಿಗ್ಯಾಕ ಅಂತ ಅವರ ಹೋಗಿ ಮಾಡಿಸಿಕೊಂಡ ಬಂದ್ರು. ಇಂಗ್ಲಿಷಿನ್ಯಾಗ ಐತಿ, ನಾ ಏನ ಓದ್ಲಿ? ನಂದಽ ಇರಬೇಕ ಅನ್ಕೊಂಡಿದ್ದೆ.’

ಮಗ ಹಾಳೆ ತೆಗೆದುಕೊಂಡು ಮತ್ತೊಮ್ಮೆ ಓದಿದ. ಯಾರೂ ಮಾತನಾಡಲಿಲ್ಲ. ಹೊರಗೆ ಚಹಾದವನು ಬಂದು ಎಷ್ಟು ಕಪ್ಪು ಎಂದು ಕೇಳಿ ಹೋದ. ಅಕ್ಕ ಆ ಹಾಳೆಯ ಮೇಲೆ ಬೆರಳಿಟ್ಟು ಆ ಹೆಸರು ಯಾವ ಸಾಲಿನಲ್ಲಿದೆ ಎಂದು ತೋರಿಸಲು ಹೇಳಿದರು. ತೋರಿಸಿದೆ. ಹಂಚಿನ ಕಾವಿಗೆ ಬೆರಳ ತುದಿ ಗಟ್ಟಿಯಾಗಿ, ಗೆರೆಗಳೆಲ್ಲ ಅಳಿಸಿದಂತಿದ್ದವು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಹಂಗಾದ್ರ ರೊಟ್ಟಿ ಯಾರದು ತಮ್ಮಾ?’

ಮೈದುನರು ಮೋಸ ಮಾಡಬೇಕೆಂದೇ ಮಾಡಿದರೋ, ಮನೆಯ ಕಾಗದಪತ್ರವೆಂದರೆ ಗಂಡಸಿನ ಹೆಸರಿನಲ್ಲಿಯೇ ಇರಬೇಕೆಂಬ ರೂಢಿಯಿಂದ ಮಾಡಿದರೋ, ನಾನು ತೀರ್ಪು ಕೊಡಲಾರೆ. ಆದರೆ ಹನ್ನೊಂದು ವರ್ಷದ ರಟ್ಟೆಯ ಕೆಲಸ ಕಾಗದದ ಮೇಲೆ ಇನ್ನೊಬ್ಬರದಾಗಿತ್ತು. ಮಾರ್ಕಾ ಮಾಡಿಸಲು ಬರದಿದ್ದರೆ ಅದು ಗೊತ್ತಾಗುತ್ತಲೂ ಇರಲಿಲ್ಲ.

ಸಣ್ಣ ತಯಾರಕರ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಆಧಾರ್, ಒಂದು ಫೋಟೋ, ವಿಳಾಸದ ದಾಖಲೆ. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಮಗನೇ ಕುಳಿತು ತುಂಬಿದ. ಅರ್ಜಿಯಲ್ಲಿ ಹೆಸರಿನ ಕಾಲಂ ಬಂದಾಗ ಅವ್ವನ ಮುಖ ನೋಡಿದ್ದನ್ನು ನಾನು ಗಮನಿಸಿದೆ. ಅದುವರೆಗೆ ಅವನಿಗೆ ಇದು ರೋಟಿ ಕಿಂಗ್ ಆಗಿತ್ತು. ಅಂದಿನಿಂದ ಅವನು ಆ ಹೆಸರು ಎತ್ತಲಿಲ್ಲ.

ವಾರ ಬಿಟ್ಟು ಅಕ್ಕ ಒಬ್ಬರೇ ಬಂದರು. ‘ಹೆಸರ ಸಿಕ್ತು’ ಎಂದರು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇತ್ತು. ಅಡ್ಡಹೆಸರಲ್ಲ, ಹೆಸರನ್ನೇ. ಇವರಿಗೂ ಗಂಡನ ಮನೆಯಲ್ಲಿ ಹೊಸ ಕಾಲದ್ದೊಂದು ಹೆಸರಿಟ್ಟಿದ್ದರು. ರೇಶನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲದರಲ್ಲೂ ಅದೇ. ತವರಲ್ಲಿ ಇಟ್ಟಿದ್ದು ಅಜ್ಜಿಯ ಹೆಸರು, ಮೂರಕ್ಷರದ್ದು, ಕೊನೆಗೆ ‘ವ್ವ’ ಬರುವಂಥದ್ದು. ರೊಟ್ಟಿ ಬಡಿಯುವುದನ್ನು ಕಲಿಸಿದ್ದೂ ಆ ಅಜ್ಜಿಯೇ. ಆ ಹೆಸರಿನಿಂದ ಕರೆಯುವವರು ಈಗ ಒಬ್ಬಿಬ್ಬರು ಉಳಿದಿದ್ದಾರೆ. ‘ಅದನ್ನ ಹಾಕ್ರಿ’ ಎಂದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪಾಕೀಟಿನ ಮೇಲಿದೆ, ಅಷ್ಟು ಸಾಕು.

ಆಮೇಲೆ ನನ್ನ ನಿಜವಾದ ಕೆಲಸ ಶುರುವಾಯಿತು.

ಕನ್ನಡದಲ್ಲಿ ಲೋಗೋ ಮಾಡುವುದು ಇಂಗ್ಲಿಷಿನಂತಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಕವಾಯತಿಗೆ ನಿಂತ ಪೊಲೀಸರಂತೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಒತ್ತು. ಒಂದು ಸಾಲು ಬರೆದರೆ ಮೂರು ಅಂತಸ್ತು. ಹಾಗಾಗಿ ಅಡ್ಡ ಪಟ್ಟಿಯಂಥ ಜಾಗದಲ್ಲಿ ಕನ್ನಡ ಕುಗ್ಗಿಹೋಗುತ್ತದೆ. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ ತಿದ್ದುಪಡಿ 2024ರಲ್ಲಿ ಬಂದ ಮೇಲೆ ಎಷ್ಟೋ ಅಂಗಡಿಗಳು ಬೋರ್ಡು ಬದಲಿಸಿದವು. ಇಂಗ್ಲಿಷ್ ಲೋಗೋ ಹಾಗೇ ಇಟ್ಟು, ಅದೇ ಹೆಸರನ್ನು ಕಂಪ್ಯೂಟರಿನಲ್ಲಿದ್ದ ಯಾವುದೋ ಕನ್ನಡ ಫಾಂಟಿನಲ್ಲಿ ಹೊಡೆದು, ಉದ್ದಕ್ಕೆ ಎಳೆದು ಕೂರಿಸಿದ್ದು ನೋಡಿದರೆ, ಮದುವೆಯ ಊಟಕ್ಕೆ ಕರೆಯದೆ ಬಂದವರಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿದಂತೆ ಕಾಣುತ್ತದೆ.

ತಂತ್ರಾಂಶಗಳ ಗೋಳು ಬೇರೆ. ನನ್ನಂಥವರು ಇಂದಿಗೂ ಕೋರೆಲ್ ಡ್ರಾದಲ್ಲಿ ನುಡಿ ಫಾಂಟು ಇಟ್ಟುಕೊಂಡು ಕೆಲಸ ಮಾಡುತ್ತೇವೆ. ಯೂನಿಕೋಡ್ ಅಲ್ಲದ ಆ ಹಳೆಯ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕನ್ನಡವೆಲ್ಲ ಇಂಗ್ಲಿಷಿನ ಚಿತ್ರವಿಚಿತ್ರ ಚಿಹ್ನೆಗಳಾಗಿ ಬಿಡುತ್ತದೆ. ಯೂನಿಕೋಡಿನಲ್ಲಿ ಹೊಡೆದರೆ ಕೆಲವು ಹಳೆಯ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ, ‘ವ್ವ’ ಎಂಬುದು ‘ವ್’ ಮತ್ತು ‘ವ’ ಎಂದು ಅಗಲಿ ನಿಲ್ಲುತ್ತದೆ. ಲೋಗೋದ ಅಕ್ಷರಗಳನ್ನು ಕಡೆಗೆ ಗೆರೆಗಳಾಗಿ ಬದಲಿಸಿಯೇ ಕೊಡಬೇಕು. ಆಗ ಫಾಂಟು ಇರಲಿ ಬಿಡಲಿ, ಆಕಾರ ಕೆಡುವುದಿಲ್ಲ. ತೂಕದ ಚೀಟಿಯಷ್ಟು ಸಣ್ಣದು ಮಾಡಿದರೂ, ಫ್ಲೆಕ್ಸಿನಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.

ಈ ಹೆಸರಿಗೆ ಫಾಂಟು ಮುಟ್ಟಲಿಲ್ಲ. ಹಾಳೆಯ ಮೇಲೆ ಸ್ಕೆಚ್‌ಪೆನ್ನಿನಲ್ಲಿ ಬರೆದೆ. ಮೂವತ್ತು ಸಲ ಬರೆದಿರಬಹುದು. ಬರೆಯುತ್ತಾ ಹೋದಂತೆ ಕೊನೆಯ ಅಕ್ಷರವೇ ದಾರಿ ತೋರಿಸಿತು. ‘ವ’ದ ಹೊಟ್ಟೆ ದುಂಡಗಿದೆ. ಅದರ ಬುಡದಲ್ಲಿ ಅದೇ ‘ವ’ ಸಣ್ಣದಾಗಿ ಕುಳಿತರೆ ಒತ್ತು. ದೊಡ್ಡ ‘ವ’ವನ್ನು ಪೂರ್ತಿ ದುಂಡು ಮಾಡದೆ, ಕೈಯಲ್ಲಿ ಬಡಿದ ರೊಟ್ಟಿಯ ಅಂಚಿನ ಹಾಗೆ ಸ್ವಲ್ಪ ಅಂಕುಡೊಂಕು ಬಿಟ್ಟೆ. ಯಂತ್ರದ ರೊಟ್ಟಿಗೂ ಕೈ ರೊಟ್ಟಿಗೂ ಅಂಚಿನಲ್ಲೇ ವ್ಯತ್ಯಾಸ. ರೊಟ್ಟಿಯ ಚಿತ್ರ ಬೇರೆ ಹಾಕಲಿಲ್ಲ. ಪಾಕೀಟು ಪಾರದರ್ಶಕ, ಒಳಗಿನ ರೊಟ್ಟಿ ಕಾಣುತ್ತದೆ. ರೊಟ್ಟಿಯ ಮೇಲೆ ರೊಟ್ಟಿಯ ಚಿತ್ರವೇಕೆ?

ಬಣ್ಣ ಒಂದೇ, ಗಾಢ ಇಟ್ಟಿಗೆಗೆಂಪು. ಬಿಳಿಜೋಳದ ಬಣ್ಣದ ಮೇಲೆ ಅದು ಎದ್ದು ಕಾಣುತ್ತದೆ ಎಂಬುದೊಂದು ಕಾರಣ, ಖರ್ಚು ಇನ್ನೊಂದು. ಪಾಕೀಟಿನ ಮೇಲೆಯೇ ಮುದ್ರಿಸಬೇಕೆಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರು ಮಾಡಿಸಬೇಕು, ಒಮ್ಮೆಗೆ ರಾಶಿ ಪಾಕೀಟು ತೆಗೆದುಕೊಳ್ಳಬೇಕು. ಸಣ್ಣವರಿಗೆ ಅದು ನಿಲುಕುವುದಿಲ್ಲ. ಬರಿ ಪಾಕೀಟಿಗೆ ಸ್ಟಿಕರು ಅಂಟಿಸುವುದೇ ಅವರ ದಾರಿ. ಒಂದೇ ಬಣ್ಣವಾದರೆ ಅದೇ ಚಿತ್ರ ರಬ್ಬರ್ ಸ್ಟ್ಯಾಂಪಿಗೂ ಬಂತು, ಬಿಲ್ ಬುಕ್ಕಿಗೂ ಬಂತು, ಬಟ್ಟೆ ಚೀಲದ ಮೇಲಿನ ಸ್ಕ್ರೀನ್ ಪ್ರಿಂಟಿಗೂ ಬಂತು. ನಾಲ್ಕು ಅಳತೆಯಲ್ಲಿ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದೆ. ಬಾಗಿಲಲ್ಲಿ ನಿಂತು ನೋಡಿದರೆ ಓದಲು ಬರಬೇಕು, ಹೆಬ್ಬೆರಳಿನ ಉಗುರಿನಷ್ಟು ಮಾಡಿದರೂ ಒತ್ತು ಮುಚ್ಚಿಹೋಗಬಾರದು. ಎರಡು ಸಲ ತಿದ್ದಿದ ಮೇಲೆ ನಿಂತಿತು.

ಮಗ ಬಂದು ನೋಡಿದ. ಹಳೇ ಕಾಲದ ಹೆಸರು ಎಂದು ಮೂಗು ಮುರಿಯುತ್ತಾನೇನೋ ಅಂದುಕೊಂಡಿದ್ದೆ. ಕೊನೆಯ ಅಕ್ಷರದ ಮೇಲೆಯೇ ಅವನ ಕಣ್ಣಿತ್ತು. ‘ಚಂದ ಐತ್ರಿ’ ಎಂದ, ಅಷ್ಟೇ.

ಮೈದುನರು ಅಂಗಡಿಗೆ ಬಂದದ್ದು ಅದಾದ ಮೇಲೆ. ವಾರ್ಡಿನಲ್ಲಿ ಓಡಾಟ ಇರುವವರು, ಗಣೇಶ ಹಬ್ಬಕ್ಕೂ ಹುಟ್ಟುಹಬ್ಬಗಳಿಗೂ ನನ್ನಲ್ಲೇ ಫ್ಲೆಕ್ಸು ಹಾಕಿಸುತ್ತಿದ್ದರು. ಚಹಾ ತರಿಸಿ ಕುಡಿದು, ‘ಆ ಲೇಬಲ್ಲಿನ ಫೈಲ್ ಒಂದ ಪೆನ್ ಡ್ರೈವಿಗೆ ಹಾಕಿಕೊಡ್ರಿ, ಅಪ್ಪಾರ ಫೋಟೋ ಸೇರಿಸಿ ಬ್ಯಾರೆ ಕಡೆ ಪ್ರಿಂಟ್ ಹಾಕಿಸ್ತೀನಿ. ಮನಿ ವ್ಯವಹಾರ ಅದು’ ಎಂದರು. ‘ಮಾಡಿಸಿದವರು ಅಕ್ಕಾರು. ಅವರೊಂದ ಮಾತ ಹೇಳಿದ್ರ ಈಗ ಕೊಡ್ತೀನ್ರಿ’ ಎಂದೆ. ಸಿಟ್ಟಾಗಲಿಲ್ಲ. ನಕ್ಕರು, ಎದ್ದು ಹೋದರು. ಆ ವರ್ಷದ ಗಣಪತಿಯ ಫ್ಲೆಕ್ಸು ನಮ್ಮಲ್ಲಿಗೆ ಬರಲಿಲ್ಲ.

ಅಂದೇ ಸಂಜೆ ಅಕ್ಕನಿಗೆ ಒಂದು ಹಾಳೆ ಬರೆದುಕೊಟ್ಟೆ. ಚಿತ್ರ ಬರೆದವನು ನಾನು, ಇದರ ಪೂರ್ತಿ ಹಕ್ಕನ್ನು ಇಂಥವರಿಗೆ ಇಷ್ಟು ಹಣ ಪಡೆದು ಬಿಟ್ಟುಕೊಟ್ಟಿದ್ದೇನೆ, ಸಹಿ, ತಾರೀಖು. ದುಡ್ಡು ಕೊಟ್ಟ ಮಾತ್ರಕ್ಕೆ ಚಿತ್ರದ ಹಕ್ಕು ತಾನಾಗಿಯೇ ಕೈಗೆ ಬಂತೆಂದು ಜನ ತಿಳಿಯುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಕಾಗದದ ಮೇಲೆ, ಸಹಿಯೊಂದಿಗೆ ಆಗಬೇಕು. ಅಕ್ಕ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು, ಕನ್ನಡದಲ್ಲಿತ್ತು. ಟ್ರೇಡ್‌ಮಾರ್ಕ್ ನೋಂದಣಿಯ ಬಗ್ಗೆಯೂ ಹೇಳಿದೆ. ರೊಟ್ಟಿ, ಹಿಟ್ಟು, ಮಸಾಲೆಗಳೆಲ್ಲ ಬರುವುದು 30ನೇ ವರ್ಗದಲ್ಲಿ. ಒಬ್ಬರ ಹೆಸರಿನಲ್ಲಿ ಆನ್‌ಲೈನಿನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಸಿಕ್ಕರೆ ಹತ್ತು ವರ್ಷ, ಮುಂದೆ ಮತ್ತೆ ನವೀಕರಿಸಬಹುದು. ‘ಇಷ್ಟ ಕೊಟ್ರ ಎರಡ ಚೀಲ ಜ್ವಾಳ ಬರ್ತಾವಲ್ಲ’ ಎಂದು ಲೆಕ್ಕ ಹಾಕಿದರು. ಆದರೂ ದೀಪಾವಳಿಯ ಮಾಲು ಹೋದ ಮೇಲೆ ಅರ್ಜಿ ಹಾಕಿಸಿದರು.

ಸ್ಟಿಕರು ಬಂದ ದಿನ ಕಟ್ಟು ಕೊಡಲು ನಾನೇ ಅವರ ಮನೆಗೆ ಹೋಗಿದ್ದೆ. ಬೇವಿನ ಗಿಡ ನಿಜಕ್ಕೂ ದೊಡ್ಡದು. ಒಳಗೆ ಆರು ಜನ ಸಾಲಾಗಿ ಕುಳಿತು ಬಡಿಯುತ್ತಿದ್ದರು. ಆ ಸದ್ದಿನಲ್ಲಿ ಮಾತು ಕೇಳಿಸಿಕೊಳ್ಳಬೇಕಾದರೆ ಹತ್ತಿರ ಹೋಗಬೇಕು. ಸ್ಟಿಕರು ಕೈಯಿಂದ ಕೈಗೆ ಹೋಯಿತು. ಹಿಟ್ಟಿನ ಕೈ ಎಂದು ಅಂಚಿನಲ್ಲಿ ಹಿಡಿದು ನೋಡಿದರು. ಅವರಲ್ಲಿ ಚಿಕ್ಕವಳು ಓದಿ, ತಿರುಗಿಸಿ ನೋಡಿ, ನಗುತ್ತಲೇ ಕೇಳಿದಳು, ‘ನಮ್ಮ ಹೆಸರ ಎಲ್ಲಿ ಐತ್ರಿ ಅಣ್ಣಾರ?’

ಎಲ್ಲರೂ ನಕ್ಕರು. ಅಕ್ಕನೂ ನಕ್ಕರು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

ಹೊರಗೆ ಗಿಡದ ಕೆಳಗೆ ಗಾಡಿ ತೆಗೆಯುತ್ತಿದ್ದಾಗ ಬಂದು ನಿಂತರು. ‘ಆ ಮುಂಬೈ ಹಪ್ಪಳದವರು ಅದಾರಲ್ಲ, ಅವರದು ಹೆಂಗ ನಡೀತೈತಿ ತಮ್ಮಾ?’ ಎಂದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಲಿಜ್ಜತ್ ಶುರುವಾದದ್ದು 1959ರಲ್ಲಿ, ಗಿರ್ಗಾಂವಿನ ಒಂದು ಮಾಳಿಗೆಯ ಮೇಲೆ, ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದ್ದರಿಂದ. ಹೆಸರಿಗಾಗಿ ತಮ್ಮೊಳಗೇ ಸ್ಪರ್ಧೆ ಇಟ್ಟು, ಬಹುಮಾನ ಐದು ರೂಪಾಯಿ ಕೊಟ್ಟು, 1962ರಲ್ಲಿ ಲಿಜ್ಜತ್ ಎಂದು ಇಟ್ಟರು. ಗುಜರಾತಿಯಲ್ಲಿ ರುಚಿ ಎಂದು ಅರ್ಥ. ಅಲ್ಲಿ ಲಟ್ಟಿಸುವವರೇ ಒಡತಿಯರು. ಲಾಭವಾಗಲಿ ನಷ್ಟವಾಗಲಿ ಹಂಚಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ಅಕ್ಕತಂಗಿ ಎನ್ನುತ್ತಾರೆ.

ಅಕ್ಕ ಕೇಳಿಸಿಕೊಂಡರು. ಅವರಲ್ಲಿ ಬಡಿಯುವವರಿಗೆ ರೊಟ್ಟಿಯ ಲೆಕ್ಕದ ಮೇಲೆ ಕೂಲಿ. ಆ ಕೂಲಿಯನ್ನು ಒಂದು ದಿನವೂ ತಡಮಾಡಿ ಕೊಟ್ಟವರಲ್ಲ ಎಂದು ನನಗೆ ಗೊತ್ತು. ಆದರೆ ಹುಡುಗಿ ಕೇಳಿದ್ದು ಕೂಲಿಯ ಪ್ರಶ್ನೆಯಾಗಿರಲಿಲ್ಲ. ‘ಯಾರದು’ ಎಂಬುದು ಎಂಥ ಪ್ರಶ್ನೆಯೆಂದರೆ, ಒಮ್ಮೆ ಬಾಯಿಬಿಟ್ಟು ಕೇಳಿದರೆ ಕೇಳಿದವರ ಹತ್ತಿರವೇ ತಿರುಗಿ ಬರುತ್ತದೆ. ನನಗೆ ಇದರಲ್ಲಿ ಹೇಳಲು ಏನೂ ಇರಲಿಲ್ಲ. ಲೋಗೋ ಬರೆಯುವವನು ಒಂದು ಹೆಸರನ್ನು ಚಂದ ಮಾಡಿಕೊಡಬಲ್ಲ, ಆ ಹೆಸರಿನೊಳಗೆ ಯಾರ್‍ಯಾರು ಇರಬೇಕೆಂದು ಅವನು ಹೇಳಲಾಗದು.

ಈಗಲೂ ಊರಲ್ಲಿ ಬೇವಿನಗಿಡದ ಮನಿ ರೊಟ್ಟಿ ಎಂದೇ ಕೇಳುತ್ತಾರಂತೆ. ಹೊಸ ಹೆಸರು ಕೇಳುವವರು ಬೆಂಗಳೂರಿನವರು, ಪುಣೆಯವರು, ಗಿಡ ನೋಡದವರು. ಮಾರ್ಕಾ ಇರುವುದೇ ಅವರಿಗಾಗಿ.

ಕಳೆದ ತಿಂಗಳು ಅಕ್ಕ ಫೋನು ಮಾಡಿದ್ದರು, ಸ್ಟಿಕರು ಮುಗಿದಿವೆ, ಇನ್ನೆರಡು ಸಾವಿರ ಬೇಕೆಂದು. ಚಿತ್ರದಲ್ಲಿ ಏನೂ ಬದಲಿಲ್ಲ, ಬೆಲೆಯೂ ಅದೇ. ‘ತಯಾರಕರು ಅನ್ನೋ ಸಾಲಿನ ಕೆಳಗ ಇನ್ನೊಂದ ಸಾಲ ಜಾಗ ಬಿಟ್ಟಿರ್ರಿ’ ಎಂದರು. ಏನು ಬರೆಯಬೇಕು ಎಂದು ಕೇಳಿದೆ.

‘ಇನ್ನೂ ಮಾತಾಡಾಕತ್ತೀವಿ. ಜಾಗ ಅಂತೂ ಬಿಡ್ರಿ.’

ಅಕ್ಷರದ ಗಾತ್ರ ಅರ್ಧ ಪಾಯಿಂಟು ಇಳಿಸಿ, ಜಾಗ ಮಾಡಿಟ್ಟಿದ್ದೇನೆ.